ಒಂದೇ ಸಲ ಕೆಚ್ಚಿದ ಹಾಸು

ದೊಡ್ಡಬಳ್ಳಾಪುರ,
8 ಜುಲೈ 2024

ಮಗಳು ಅನಿತಳಿಗೆ ನಿನ್ನ ಅಪ್ಪನ ಆಶೀರ್ವಾದ.

ಅಪ್ಪ ಕಾಗದ ಬರೆದಿದ್ದಾನೆ ಎಂದು ನಗಬೇಡ. ನಾನು ಕಡೆಯ ಸಲ ಕಾಗದ ಬರೆದದ್ದು ನಿಮ್ಮಮ್ಮನಿಗೆ, ಮದುವೆಗೆ ಮುಂಚೆ. ಅದರಲ್ಲಿ ಮಗ್ಗದ ಸುದ್ದಿ ಬಿಟ್ಟು ಇನ್ನೇನೂ ಇರಲಿಲ್ಲವೆಂದು ಶಕುಂತಲಮ್ಮನವರು ಇವತ್ತಿಗೂ ಹಂಗಿಸುತ್ತಾರೆ. ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳಿದೆ. ಒಂದು ಸಾಕಾ ಎಂದಳು ಅಲ್ಲಿ ಕೂತಿದ್ದ ಹುಡುಗಿ. ಹತ್ತು ಕೊಡಮ್ಮ, ನನ್ನ ಮಗಳು ಹೆಬ್ಬಾಳದಲ್ಲಿ ಅವರ ದೊಡ್ಡಮ್ಮನ ಮನೆಯಲ್ಲಿದ್ದಾಳೆ ಎಂದೆ. ಫೋನ್ ಇಲ್ಲವಾ ಎಂದು ಅವಳು ಕೇಳಲಿಲ್ಲ. ಮರ್ಯಾದೆ ಬಲ್ಲ ಹುಡುಗಿ.

ಫೋನು ಇದೆ, ಅದೇ ತೊಂದರೆ. ನಿನ್ನನ್ನು ಆಸ್ಪತ್ರೆಗೆ ತೋರಿಸಿದ ದಿನ, ಅಲ್ಲಿ ಮನಸ್ಸಿನ ಕಾಯಿಲೆಗೆ ಸಲಹೆ ಕೊಡುವ ನಿನ್ನ ಪ್ರಮೋದಾ ಮೇಡಂ ನನ್ನನ್ನು ಒಳಗೆ ಕೂರಿಸಿಕೊಂಡು ಏನೆಂದರು ಗೊತ್ತೇ? “ಸೀನಪ್ಪನವರೇ, ಅವಳು ದಿನಕ್ಕೆ ನಲವತ್ತು ಸಲ ‘ಸರಿ ಇದೆಯಾ’ ಅಂತ ಕೇಳ್ತಾಳೆ. ನೀವು ನಲವತ್ತು ಸಲ ‘ಸರಿ ಇದೆ’ ಅಂತೀರಿ. ಆ ಮಾತು ಹತ್ತು ನಿಮಿಷ ಸಾಲುತ್ತೆ, ಆಮೇಲೆ ಕಾಯಿಲೆ ಇನ್ನೊಂದು ಕೇಳುತ್ತೆ. ಪ್ರೀತಿಯಿಂದಲೇ ನೀವು ಅದಕ್ಕೆ ತುತ್ತು ಹಾಕ್ತಿದ್ದೀರಿ.” ನನಗೆ ಸಿಟ್ಟು ಬಂತು. ಮೂವತ್ತೈದು ವರ್ಷ ಮಗ್ಗ ನಡೆಸಿದವನಿಗೆ, ಮಗಳ ಹತ್ತಿರ ಹೇಗೆ ಮಾತಾಡಬೇಕೆಂದು ಮೊನ್ನೆ ಮೊನ್ನೆ ಓದಿ ಬಂದವರು ಹೇಳಿಕೊಡುವುದೇ. ಬಸ್ಸಿನಲ್ಲಿ ಆ ಸಿಟ್ಟು ರಾಜಾನುಕುಂಟೆಯ ತನಕ ಇತ್ತು. ಆಮೇಲೆ ಇಳಿಯಿತು.

ಅದಕ್ಕೇ ಈ ಕಟ್ಟಳೆ. ಮೂರು ತಿಂಗಳು ಫೋನಿಲ್ಲ, ಕಾಗದ ಮಾತ್ರ. ನೀನು ಕೇಳಿದ್ದು ನನಗೆ ತಲುಪಲು ಮೂರು ದಿನ, ನನ್ನ ಉತ್ತರಕ್ಕೆ ಮತ್ತೆ ಮೂರು ದಿನ. ಅಷ್ಟರೊಳಗೆ ನಿನ್ನ ಅನುಮಾನ ತಾನಾಗಿ ತಣ್ಣಗಾಗಬೇಕಂತೆ.

ಆ ಮೇಡಂಗೆ ನಾನೂ ಬಿಡಲಿಲ್ಲ, ನಮ್ಮ ಕಸುಬಿನ ಪಾಠ ಹೇಳಿದೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ನೆಯ್ದು ಮುಗಿದಾಗ, ಅದರ ತುದಿಗೆ ಹೊಸ ಹಾಸಿನ ನಾಲ್ಕು ಸಾವಿರ ಚಿಲ್ಲರೆ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಸೇರಿಸಬೇಕು, ಅದಕ್ಕೆ ಕೆಚ್ಚುವುದು ಅನ್ನುತ್ತೇವೆ, ಒಂದು ಎಳೆ ಅದಲುಬದಲಾದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ ಎಂದೆ. ಈ ಊರಿನಲ್ಲಿ ನನ್ನ ಮಗಳ ಹಾಗೆ ಕೆಚ್ಚುವವರಿಲ್ಲ ಎಂದೂ ಹೇಳಿದೆ. ಹೇಳುವಾಗ ನಾಲಿಗೆ ತಡವರಿಸಿತು.

ಯಾಕೆಂದರೆ ತಪ್ಪು ಮಾಡಿದವನು ನಾನೇ, ಅನಿತಾ. ನೀನು ಒಂದು ಸಲ ನೋಡಿದ್ದನ್ನು ನಾಲ್ಕು ಸಲ ನೋಡತೊಡಗಿದಾಗ ‘ನೋಡ್ರಯ್ಯ ಶ್ರದ್ಧೆ ಅಂದ್ರೆ’ ಎಂದು ಬೀದಿಗೆಲ್ಲ ಹೇಳಿದೆ. ಹತ್ತು ಸಲ ನೋಡಿದಾಗಲೂ ಅದನ್ನೇ ಹೇಳಿದೆ. ಅರ್ಧ ದಿನದ ಕೆಲಸ ಮೂರು ದಿನವಾಯಿತು, ನಿನ್ನ ಬೆರಳ ತುದಿ ಬಿರಿದು ಬಿಳಿ ರೇಷ್ಮೆಗೆ ರಕ್ತ ತಾಗಿತು. ಆಗ ಎಚ್ಚರವಾಯಿತು ನನಗೆ. ಬೇರೆ ಮನೆಯಾಗಿದ್ದರೆ ಕಾಯಿಲೆ ಎಂದು ಮೊದಲೇ ಗೊತ್ತಾಗುತ್ತಿತ್ತೇನೋ. ನೇಕಾರನ ಮನೆಯಲ್ಲಿ ಅದು ಕೈಗುಣ ಅನ್ನಿಸಿಕೊಂಡಿತು.

ಮೂರನೆಯ ಮಗ್ಗದ ಮುಂದಿನ ನಿನ್ನ ಮಣೆ ಹಾಗೇ ಇದೆ. ನೀನು ಮತ್ತೆ ಅಲ್ಲಿ ಕೂರುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ನಿನ್ನ ಅಪ್ಪ,
ಸೀನಪ್ಪ


ಹೆಬ್ಬಾಳ,
19 ಜುಲೈ 2024

ಅಪ್ಪನಿಗೆ ಅನಿತ ಮಾಡುವ ನಮಸ್ಕಾರ.

ಈ ಕಾಗದವನ್ನು ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಬರೆದು, ಓದಿ, ಎಲ್ಲಾದರೂ ಕೆಟ್ಟ ಮಾತು ಬಿದ್ದಿದೆಯೇ ಎಂದು ಮತ್ತೆ ಓದಿ, ಹರಿದು, ಮತ್ತೆ ಬರೆದು. ಇದು ಹನ್ನೊಂದನೆಯದು. ದೊಡ್ಡಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ, ಕಿತ್ತುಕೊಂಡು ಹೋಗಿ ಡಬ್ಬಕ್ಕೆ ಹಾಕುತ್ತಾರಂತೆ.

ನಾನು ಮತ್ತೆ ಮತ್ತೆ ನೋಡುತ್ತಿದ್ದೆ ಎಂಬುದು ನಿಮಗೆಲ್ಲ ಗೊತ್ತು. ಯಾಕೆ ಎಂಬುದನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಅತ್ತೆ ಮಗಳು ಕೀರ್ತನಳ ಧಾರೆ ಸೀರೆಯ ಹಾಸು ಕೆಚ್ಚಿದ್ದು ನಾನು. ಮದುವೆಯಾದ ನಾಲ್ಕು ತಿಂಗಳಿಗೆ ಅವಳ ಗಂಡ ತೂಬಗೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರಲ್ಲ, ಆಸ್ಪತ್ರೆಗೆ ನೋಡಲು ಹೋದಾಗ ನನ್ನ ತಲೆಗೆ ಒಂದು ಯೋಚನೆ ಬಂತು. ಆ ಹಾಸಿನಲ್ಲಿ ಒಂದು ಎಳೆ ತಪ್ಪಿರಬೇಕು, ಅದಕ್ಕೇ ಹೀಗಾಯಿತು. ಅಷ್ಟೇ. ಅವತ್ತಿನಿಂದ ಅದು ಹೋಗಿಲ್ಲ. ನಾನು ಕೆಚ್ಚಿದ ಪ್ರತಿಯೊಂದು ಹಾಸಿನ ಮುಂದೆಯೂ, ನಾನು ಮುಖ ನೋಡದ ಯಾವಳೋ ಮದುಮಗಳ ಬದುಕು ನನ್ನ ಬೆರಳಲ್ಲಿದೆ ಅನ್ನಿಸುತ್ತಿತ್ತು. ಇದು ಸುಳ್ಳು ಎಂದು ನನಗೆ ಗೊತ್ತು, ಅಪ್ಪ. ಗೊತ್ತಿದ್ದೂ ಬಿಡುವುದಿಲ್ಲ.

ಒಂದು ದಿನ ಅಮ್ಮನಿಗೆ ಸ್ವಲ್ಪ ಸುಳಿವು ಕೊಟ್ಟಿದ್ದೆ. ಅಮ್ಮ, ‘ಅದೇ ಹಾಸಲ್ಲಿ ಇನ್ನೂ ಒಂಬತ್ತು ಸೀರೆ ಆಗಿದ್ವಲ್ಲಮ್ಮ, ಅವ್ರೆಲ್ಲ ಚೆನ್ನಾಗೇ ಇರ್ತಾರೆ’ ಎಂದರು. ಧೈರ್ಯ ಹೇಳಲು ಬಂದ ಮಾತು ಅದು. ಅವತ್ತಿನಿಂದ ನನಗೆ ಇನ್ನೂ ಒಂಬತ್ತು ಮದುಮಕ್ಕಳ ಚಿಂತೆ ಹತ್ತಿಕೊಂಡಿತು.

ಪ್ರಮೋದಾ ಮೇಡಂ ಇದನ್ನು ಕೇಳಿ ಬೆಚ್ಚಲಿಲ್ಲ, ನಗಲಿಲ್ಲ. ಇದಕ್ಕೆ ಗೀಳು ಕಾಯಿಲೆ ಎಂದು ಹೆಸರು, ನೂರು ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ ಎಂದರು. “ಬೇಡದ ಯೋಚನೆ ಎಲ್ಲರಿಗೂ ಬರುತ್ತೆ, ಬಂದ ದಾರೀಲೇ ಹೋಗುತ್ತೆ. ನಿನ್ನ ಮಿದುಳು ಅದನ್ನ ಅಪಾಯ ಅಂತ ಹಿಡ್ಕೊಳ್ಳುತ್ತೆ. ನೀನು ಒಂದು ಸಲ ನೋಡಿ ಸಮಾಧಾನ ಮಾಡ್ಕೋತೀಯ. ನೋಡಿದ್ದಕ್ಕೇ ಉಳ್ಕೊಂಡೆ ಅಂತ ಮಿದುಳು ಕಲೀತು. ಈಗ ಅದನ್ನ ಮರೆಸಬೇಕು.” ನನ್ನ ಗುಣಕ್ಕಾಗಲಿ ಬುದ್ಧಿಗಾಗಲಿ ಇದರಲ್ಲಿ ತಪ್ಪಿಲ್ಲವಂತೆ. ಅದನ್ನು ಕೇಳಿ ಅತ್ತುಬಿಟ್ಟೆ.

ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಮೊದಲ ವಾರ ವಾಕರಿಕೆ ಇತ್ತು, ಈಗಿಲ್ಲ. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ, ಗುಣ ಕಾಣಲು ಎರಡು ಮೂರು ತಿಂಗಳು ಬೇಕಂತೆ. ಅದರ ಜೊತೆಗೆ ಹೆದರಿಕೆಯ ಎದುರು ಕೂರುವ ಅಭ್ಯಾಸ. ಅದಿನ್ನೂ ಶುರುವಾಗಿಲ್ಲ.

ನನ್ನ ಕೈ ನನಗೆ ವಾಪಸ್ಸು ಬೇಕು, ಅಪ್ಪ.

ಅನಿತ


ದೊಡ್ಡಬಳ್ಳಾಪುರ,
24 ಜುಲೈ 2024

ಅನಿತಾ,

ನಿನ್ನ ಕಾಗದ ಓದಿ ಅನ್ನ ಸೇರಲಿಲ್ಲ. ಮೂರು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದೆಯಾ? ನನ್ನ ಹತ್ತಿರ ಹೇಳಬಾರದಿತ್ತೇ?

ಈಗ ನಾನೂ ಒಂದು ಹೇಳುತ್ತೇನೆ, ಕೇಳು. ಕೀರ್ತನಳ ಹಾಸಿನ ಕೊನೆಯ ಇನ್ನೂರು ಎಳೆ ಕೆಚ್ಚಿದ್ದು ನೀನಲ್ಲ, ನಾನು. ನೀನು ಊಟಕ್ಕೆ ಎದ್ದು ಹೋಗಿದ್ದೆ, ನಿಮ್ಮಮ್ಮ ಹುರುಳಿಕಾಳು ಸಾರು ಮಾಡಿದ್ದಳು, ನೀನು ಬರುವುದು ತಡವಾಯಿತು. ಮಗ್ಗ ಕಾಯುತ್ತಿದೆಯಲ್ಲ ಎಂದು ನಾನೇ ಕೂತು ಮುಗಿಸಿದೆ. ಎಳೆ ತಪ್ಪಿದ್ದರೆ ಅದು ನನ್ನ ಕೈ. ಪಾಪ ಪುಣ್ಯ ಏನಿದ್ದರೂ ನನ್ನ ತಲೆಗೆ. ಇನ್ನು ನಿನಗೇನು ಚಿಂತೆ? ಸೋಮವಾರ ಬಸ್ ಹತ್ತಿ ಬಂದುಬಿಡು.

ನಿನ್ನ ಅಪ್ಪ,
ಸೀನಪ್ಪ


ದೊಡ್ಡಬಳ್ಳಾಪುರ,
26 ಆಗಸ್ಟ್ 2024

ಅನಿತಾ,

ನಾಲ್ಕು ವಾರವಾಯಿತು. ಬರಲೂ ಇಲ್ಲ, ಬರೆಯಲೂ ಇಲ್ಲ. ನಿನ್ನ ದೊಡ್ಡಮ್ಮನಿಗೆ ಫೋನ್ ಮಾಡಿದರೆ, ಹುಡುಗಿ ಚೆನ್ನಾಗಿದ್ದಾಳೆ, ನೀನು ಸುಮ್ನಿರಪ್ಪ ಎಂದು ಇಟ್ಟುಬಿಟ್ಟರು. ಇದು ಬಿಟ್ಟು ಇನ್ನು ಏಳು ಲಕೋಟೆ ಉಳಿದಿವೆ. ಅಂಚೆ ಕಚೇರಿಯ ಹುಡುಗಿ, ಮಗಳು ಹೇಗಿದ್ದಾರೆ ಸರ್ ಎಂದು ಕೇಳಿದಳು. ಚೆನ್ನಾಗಿದ್ದಾಳಂತೆ ಎಂದೆ. ಅಂತೆ ಎನ್ನುವುದಕ್ಕೆ ನನಗೆ ನಾಚಿಕೆಯಾಯಿತು.

ಸೀನಪ್ಪ


ಹೆಬ್ಬಾಳ,
2 ಸೆಪ್ಟೆಂಬರ್ 2024

ಅಪ್ಪನಿಗೆ ನಮಸ್ಕಾರ.

ಸಿಟ್ಟು ಮಾಡಿಕೊಳ್ಳಬೇಡ. ಬರೆಯದಿದ್ದುದಕ್ಕೆ ಕಾರಣ ನಿನ್ನ ಕಾಗದವೇ.

ಇನ್ನೂರು ಎಳೆಯ ವಿಷಯ ಓದಿದಾಗ ಮೈಮೇಲಿನ ಭಾರ ಇಳಿದ ಹಾಗಾಯಿತು. ಕುಣಿದುಬಿಟ್ಟೆ. ಎರಡು ಗಂಟೆಯಾದ ಮೇಲೆ, ಇನ್ನೂರೇ ತಾನೇ, ಉಳಿದ ಮೂರು ಸಾವಿರದ ಎಂಟುನೂರು ನನ್ನದೇ ಅಲ್ಲವೇ ಅನ್ನಿಸಿತು. ಸಂಜೆಗೆ, ಅಪ್ಪ ನನ್ನನ್ನು ಸಮಾಧಾನ ಮಾಡಲು ಹೇಳಿರಬಹುದು ಅನ್ನಿಸಿತು. ಆ ಕಾಗದವನ್ನು ನೂರು ಸಲ ಓದಿದೆ. ಕೊನೆಗೆ ಪ್ರಮೋದಾ ಮೇಡಂ ಮುಂದೆ ಇಟ್ಟೆ. ಅವರು ಓದಿ ಮಡಿಚಿಟ್ಟರು. ಆಮೇಲೆ, “ನಿಮ್ಮಪ್ಪ ನಿನ್ನ ಪಾಪ ತಾವು ತಗೊಳ್ಳೋಕೆ ರೆಡಿ ಇದ್ದಾರೆ. ದೊಡ್ಡ ಮನಸ್ಸು ಅದು. ಆದರೆ ಇದೂ ‘ಸರಿ ಇದೆ’ ಅನ್ನೋ ಮಾತೇ ಅಲ್ವಾ?” ಎಂದರು.

ಅದಕ್ಕೇ, ನೀನು ಬರೆದದ್ದು ನಿಜವೋ ಸುಳ್ಳೋ ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಯಾವತ್ತೂ ಹೇಳಬೇಡ. ಇದನ್ನು ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು.

ಇಲ್ಲಿ ನನ್ನದೊಂದು ಏಣಿ ಇದೆ, ಕಾಗದದ ಮೇಲೆ ಬರೆದದ್ದು. ಕಡಿಮೆ ಹೆದರಿಕೆಯದು ಕೆಳಗೆ, ಹೆಚ್ಚಿನದು ಮೇಲೆ. ಮೊದಲ ಮೆಟ್ಟಿಲು, ದೊಡ್ಡಮ್ಮನ ಮನೆಯ ಗ್ಯಾಸನ್ನು ಒಂದೇ ಸಲ ತಿರುಗಿಸಿ ಹಿಂದಿರುಗಿ ನೋಡದೆ ಹೊರಡುವುದು. ಎರಡನೆಯದು, ಇಪ್ಪತ್ತು ಎಳೆ ಕೆಚ್ಚಿ ನೋಡದೆ ಎದ್ದುಬಿಡುವುದು. ಎದ್ದಾಗ ಹೆದರಿಕೆ ಎಷ್ಟು ಎಂದು ಕೇಳುತ್ತಾರೆ. ನೂರಕ್ಕೆ ತೊಂಬತ್ತು ಎನ್ನುತ್ತೇನೆ. ಕೂತಿರು ಎನ್ನುತ್ತಾರೆ. ಕೂತಿರುತ್ತೇನೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಒದ್ದೆಯಾಗುತ್ತದೆ. ಏನೂ ಮಾಡುವ ಹಾಗಿಲ್ಲ, ಮನಸ್ಸಿನಲ್ಲೇ ದೇವರ ಹೆಸರು ಎಣಿಸುವ ಹಾಗೂ ಇಲ್ಲ. ಮುಕ್ಕಾಲು ಗಂಟೆಗೆ ಅದು ನಲವತ್ತಕ್ಕೆ ಬರುತ್ತದೆ. ನಾನು ಇಳಿಸಿದ್ದಲ್ಲ, ತಾನಾಗಿ ಇಳಿದದ್ದು. ಮೂರು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಇಳಿಯಲು ಬಿಟ್ಟಿರಲಿಲ್ಲ.

ಕಳೆದ ವಾರದ ಮೆಟ್ಟಿಲು ದೊಡ್ಡದು. ಬೇಕೆಂದೇ ಎರಡು ಎಳೆ ಅದಲುಬದಲು ಮಾಡಿ ಕೆಚ್ಚಿ, ಆ ಎಳೆಗಳ ಪಟ್ಟಿಯನ್ನು ನನಗೆ ಬೇಕಾದವರೊಬ್ಬರ ಕೈಗೆ ಕಟ್ಟಬೇಕು. ದೊಡ್ಡಮ್ಮನನ್ನು ಕೇಳಿದೆ. ಮುನಿಲಕ್ಷ್ಮಮ್ಮನವರು ಸೆರಗು ಸಿಕ್ಕಿಸಿ ಕೈ ಚಾಚಿದರು. “ಕಟ್ಟೇ. ಎಪ್ಪತ್ತು ವರ್ಷ ಬದ್ಕಿದೀನಿ, ನಿನ್ನ ದಾರಕ್ಕೆ ಹೆದರ್ತೀನಾ?” ಕಟ್ಟಿದೆ. ಇವತ್ತಿಗೆ ಎಂಟು ದಿನ, ಅದನ್ನು ಬಿಚ್ಚಿಲ್ಲ ಅವರು. ಬಟ್ಟೆ ಒಗೆಯುವಾಗ ನೆನೆಯುತ್ತದೆ, ಒಣಗುತ್ತದೆ. ನಾನು ನೋಡುತ್ತೇನೆ. ನಿನ್ನೆ ಅದು ಅಲ್ಲಿರುವುದನ್ನೇ ಮರೆತಿದ್ದೆ.

ಈ ಕಾಗದವನ್ನು ಎರಡೇ ಸಲ ಓದಿದ್ದೇನೆ.

ಅನಿತ


ದೊಡ್ಡಬಳ್ಳಾಪುರ,
12 ಸೆಪ್ಟೆಂಬರ್ 2024

ಅನಿತಮ್ಮನಿಗೆ ಅಮ್ಮನ ಮುತ್ತು.

ನಿಮ್ಮಪ್ಪ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಸೀರೆ ಅಂಗಡಿಯ ಅಪ್ಪಯ್ಯಣ್ಣನಿಗೆ ಓದಿ ಹೇಳಿದರಂತೆ, ಏಣಿಯ ತನಕ. ನನಗೆ ಸಂಕೋಚವಾಯಿತು. “ಯಾಕೆ ಸಂಕೋಚ? ಸಕ್ಕರೆ ಕಾಯಿಲೆ ಇದ್ರೆ ಹೇಳಲ್ವಾ? ನನ್ ಮಗ್ಳು ಕಾಯಿಲೆ ಎದ್ರು ಕೂತವ್ಳೆ ಕಣೇ,” ಎಂದರು.

ಮನೆಯಲ್ಲಿ ಹೊಸ ಗಲಾಟೆ ಶುರುವಾಗಿದೆ. ನೀನು ಬಂದು ‘ಸರಿ ಇದೆಯಾ’ ಎಂದು ಕೇಳಿದರೆ ‘ಗೊತ್ತಿಲ್ಲ’ ಎನ್ನಬೇಕೆಂದು ಮೇಡಂ ಹೇಳಿದ್ದಾರಲ್ಲ, ನಿಮ್ಮಪ್ಪ ಅದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಸಾರಿಗೆ ಉಪ್ಪು ಸರಿ ಇದೆಯೇನ್ರೀ ಎಂದರೆ ಗೊತ್ತಿಲ್ಲ. ಸ್ನಾನ ಆಯ್ತಾ ಎಂದರೆ ಗೊತ್ತಿಲ್ಲ. ಸೌಟು ತೋರಿಸಿದ ಮೇಲೆ ನಿಂತಿತು.

ಮುಖ್ಯ ವಿಷಯ ಇದು. ಭಾನುವಾರ ಕೀರ್ತನ ಗಂಡನ ಜೊತೆ ಬಂದಿದ್ದಳು. ಅವಳ ತಂಗಿ ಮಮತಳ ಮದುವೆ ಕಾರ್ತಿಕದ ಕೊನೆಗೆ ಗೊತ್ತಾಗಿದೆ. ಧಾರೆ ಸೀರೆ ನಮ್ಮ ಮಗ್ಗದಲ್ಲೇ ಆಗಬೇಕಂತೆ. “ಹಾಸು ಅನಿತಾನೇ ಕೆಚ್ಬೇಕು ಅತ್ತೆ,” ಎಂದಳು. ನಾನು ಹೆದರಿ, ಬೇಡಮ್ಮ, ಅವಳಿಗೆ ಹೀಗೆ ಹೀಗೆ ಅಂತ ನಿನ್ನ ಯೋಚನೆಯನ್ನು ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಕೀರ್ತನ ಕಣ್ಣು ಒರೆಸಿಕೊಂಡು, “ಮೂರು ವರ್ಷ ನಮ್ಗೋಸ್ಕರ ಒದ್ದಾಡವ್ಳೆ. ಇನ್ನು ಬೇರೆಯೋರು ಕೆಚ್ಚಿದ್ರೆ ನಮ್ಗೆ ಬೇಡ,” ಎಂದಳು.

ನಿನಗೆ ಆಗುವುದಿಲ್ಲವೆಂದರೆ ಹೇಳು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಿನ್ನ ಅಮ್ಮ,
ಶಕುಂತಲಮ್ಮ


ಹೆಬ್ಬಾಳ,
25 ಸೆಪ್ಟೆಂಬರ್ 2024

ಅಮ್ಮ, ಅಪ್ಪ,

ಏಣಿಯ ತುದಿಯಲ್ಲಿ ನಾನು ಬರೆದಿದ್ದದ್ದು ಇದೇ. ಕೀರ್ತನಳ ಮನೆಯವರ ಧಾರೆ ಸೀರೆ. ಅದನ್ನು ಬರೆಯುವಾಗ, ಅಲ್ಲಿ ತನಕ ಹತ್ತುವ ಪ್ರಸಂಗ ಬರುವುದಿಲ್ಲ ಎಂದುಕೊಂಡಿದ್ದೆ.

ಹೆದರಿಕೆ ಹೋದ ಮೇಲೆ ಮಾಡುತ್ತೇನೆ ಎಂದೆ ಪ್ರಮೋದಾ ಮೇಡಂಗೆ. ಹಾಗಾದರೆ ಯಾವತ್ತೂ ಮಾಡುವುದಿಲ್ಲ, ಹೆದರಿಕೊಂಡೇ ಮಾಡು ಎಂದರು.

ದೀಪಾವಳಿ ಮುಗಿದ ಸೋಮವಾರ ಬರುತ್ತೇನೆ. ಒಂದೇ ಸಲ ಕೆಚ್ಚುತ್ತೇನೆ. ಅಪ್ಪ ಪಕ್ಕದಲ್ಲಿ ಇರಬೇಕು, ಬಾಯಿ ಮುಚ್ಚಿಕೊಂಡಿರಬೇಕು.

ಅನಿತ


ಹೆಬ್ಬಾಳ,
9 ನವೆಂಬರ್ 2024

ಅಪ್ಪನಿಗೆ,

ಊರಿನಲ್ಲಿ ಎರಡೇ ದಿನ ಇದ್ದು ಬಂದೆ. ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ಮಣೆಯ ಮೇಲೆ ಕೂತು ಬೂದಿಯ ಬಟ್ಟಲಿಗೆ ಬೆರಳು ಅದ್ದಿದಾಗ ಹೆದರಿಕೆ ಎಂಬತ್ತು ಇತ್ತು. ಮೊದಲ ನೂರು ಎಳೆ ಕೈ ಮರೆತ ಹಾಗಿತ್ತು. ಆಮೇಲೆ ಬೆರಳಿಗೆ ನೆನಪಾಯಿತು. ಐದೂವರೆ ಗಂಟೆಯಲ್ಲಿ ಮುಗಿಯಿತು. ಮೂರು ದಿನ ತೆಗೆದುಕೊಳ್ಳುತ್ತಿದ್ದವಳು, ಐದೂವರೆ ಗಂಟೆ.

ಎದ್ದು ನಿಂತಾಗ ತೊಂಬತ್ತೈದು. ಬಗ್ಗಿ ನೋಡು, ಒಂದೇ ಒಂದು ಸಲ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಳಗೆ ಅರಚುತ್ತಿತ್ತು. ನಾನು ನಿನ್ನ ಕಡೆ ತಿರುಗಿದೆ. “ಅಪ್ಪಾ, ಸರಿ...” ಎಂದೆ. ಅಲ್ಲಿಗೇ ನುಂಗಿಕೊಂಡೆ. “ಗೊತ್ತಿಲ್ಲ ಕಣಮ್ಮ,” ಎಂದೆ ನೀನು. ಎಂದು ಸ್ವಿಚ್ ಒತ್ತಿದೆ. ಮಗ್ಗ ಹೊಡೆದುಕೊಳ್ಳತೊಡಗಿತು.

ಆ ಮಾತಾಡಲು ನಿನಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು, ಅಪ್ಪ. ನಾನು ಮಗುವಾಗಿದ್ದಾಗಿನಿಂದ ನಾನು ಏನು ಕೇಳಿದರೂ ಇಲ್ಲ ಎಂದವನಲ್ಲ ನೀನು.

ಗಂಟೆಯೊಳಗೆ ಅರವತ್ತಕ್ಕೆ ಬಂತು. ಅಮ್ಮ ಕೊಟ್ಟ ಕಾಫಿ ಕುಡಿಯುವಾಗ ಮೂವತ್ತು. ಕಾಯಿಲೆ ಪೂರ್ತಿ ಹೋಗಿಲ್ಲ. ಮಾತ್ರೆ ಇನ್ನೂ ಒಂದೆರಡು ವರ್ಷ ಇರಬೇಕಂತೆ, ಯೋಚನೆ ಆಗಾಗ ಬಾಗಿಲು ತಟ್ಟುತ್ತದಂತೆ. ತಟ್ಟಲಿ.

ಮದುವೆಗೆ ಬರುತ್ತೇನೆ.

ಅನಿತ


ದೊಡ್ಡಬಳ್ಳಾಪುರ,
1 ಡಿಸೆಂಬರ್ 2024

ನನ್ನ ಮಗಳು ಅನಿತಳಿಗೆ,

ಮೇಡಂ ಫೋನಿಗೆ ಅಪ್ಪಣೆ ಕೊಟ್ಟಾಗಿದೆ. ಆದರೂ ಬರೆಯುತ್ತಿದ್ದೇನೆ, ಲಕೋಟೆ ಉಳಿದಿವೆ.

ಮದುವೆ ಮನೆಯಲ್ಲಿ ನೀನು ನನ್ನನ್ನು ನೋಡಲಿಲ್ಲ, ನಾನು ಅಕ್ಕಿ ಚೀಲಗಳ ಪಕ್ಕ ನಿಂತಿದ್ದೆ. ಮಮತಳಿಗೆ ಸೀರೆ ಉಡಿಸುವಾಗ ನೆರಿಗೆ ನಿಲ್ಲಲಿಲ್ಲ, ನಿಮ್ಮತ್ತೆ ನಿನ್ನನ್ನು ಕರೆದಳು. ಕದ ಅರ್ಧ ತೆರೆದಿತ್ತು. ಅಷ್ಟು ಸೀರೆಯೂ ನಿನ್ನ ಬೆರಳುಗಳ ನಡುವೆ ಹಾದುಹೋಯಿತು. ಬೇಕೆಂದಿದ್ದರೆ ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಬಹುದಿತ್ತು. ನನ್ನ ಹೆದರಿಕೆ ನೂರಕ್ಕೆ ನೂರು ಎಂದು ಬರೆದುಕೋ. ನೀನು ನೆರಿಗೆ ಹಿಡಿಯುತ್ತಾ ಮಮತಳ ಮುಖವನ್ನು ನೋಡುತ್ತಿದ್ದೆ. ಅವಳೇನೋ ಹೇಳಿದಳು, ನೀನು ನಕ್ಕೆ. ಸೆರಗಿಗೆ ಪಿನ್ ಹಾಕಿ, ಬೆನ್ನು ತಟ್ಟಿ, ಆಚೆ ಬಂದೆ. ಧಾರೆಯ ಹೊತ್ತಿಗೆ ನೀನು ಹಿಂದಿನ ಸಾಲಿನಲ್ಲಿ ಕೀರ್ತನಳ ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದೆ.

ನೀನು ಬಸ್ಸು ಹತ್ತಿದ ಮೇಲೆ ಅಪ್ಪಯ್ಯಣ್ಣ ಸಿಕ್ಕಿದ. ಸೀರೆಯನ್ನು ಮಡಿಕೆ ಹಾಕುವಾಗ ಅವನು ತನ್ನ ಅಂಗಡಿಯಲ್ಲಿ ಬಿಡಿಸಿ ನೋಡಿದ್ದನಲ್ಲ, ಅವನ ಕಣ್ಣು ನಿನಗೆ ಗೊತ್ತು. “ಆ ಹಾಸು ಯಾರ್ ಕೈದು ಸೀನಪ್ಪ?” ಎಂದು ಕೇಳಿದ. ಮೊದಲಾಗಿದ್ದರೆ, ನನ್ನ ಮಗಳದು, ಒಂದು ಎಳೆ ತಪ್ಪಿದ್ದರೆ ತೋರಿಸು ಎನ್ನುತ್ತಿದ್ದೆ. ಈ ಸಲ, “ನನ್ ಮಗಳ್ದು. ಒಂದೇ ಸಲ ಕೆಚ್ಚಿದ್ದು, ತಿರುಗಿ ನೋಡಿಲ್ಲ,” ಎಂದೆ. ಅದಕ್ಕೆ ಅವನು ಏನೆಂದ ಎಂದು ನಾನು ಬರೆಯುವುದಿಲ್ಲ.

ಆ ಆರು ಗಜವನ್ನು ನೆಯ್ದವನು ನಾನು. ಅದರಲ್ಲಿ ಗೆರೆ ಇದೆಯೋ ಇಲ್ಲವೋ ನನಗೆ ಗೊತ್ತು. ಆ ಇನ್ನೂರು ಎಳೆಯ ವಿಷಯವೂ ನನಗೆ ಗೊತ್ತು. ಹೇಳಿಬಿಡೋಣ ಎಂದು ದಿನಕ್ಕೆ ಹತ್ತು ಸಲ ನಾಲಿಗೆ ತುರಿಸುತ್ತದೆ. ಸುಮ್ಮನೆ ಕೂರುತ್ತೇನೆ, ಮುಕ್ಕಾಲು ಗಂಟೆಗೆ ಇಳಿಯುತ್ತದೆ. ನಿನ್ನ ಮೇಡಂ ಹೇಳಿದ್ದು ನಿಜ.

ನಿನ್ನ ಕೈಯ ಬಗ್ಗೆ ನನಗೆ ಹೆಮ್ಮೆ ಇತ್ತು, ಮಗಳೇ. ಈಗ ನಿನ್ನ ಬಗ್ಗೆ ಇದೆ. ಎರಡೂ ಒಂದೇ ಎಂದುಕೊಂಡಿದ್ದೆ ಇಷ್ಟು ವರ್ಷ.

ಮೂರನೆಯ ಮಗ್ಗದ ಹಾಸು ಶುಕ್ರವಾರಕ್ಕೆ ಮುಗಿಯುತ್ತದೆ. ಬೂದಿ ಜರಡಿ ಹಿಡಿದು ಇಟ್ಟಿದ್ದೇನೆ. ಬೆಳಗಿನ ಬಸ್ಸಿಗೇ ಬಾ.

ನೀನು ಕೇಳದಿದ್ದುದಕ್ಕೆ ಉತ್ತರ ಕೊಡದ,
ನಿನ್ನ ಅಪ್ಪ ಸೀನಪ್ಪ